ತಪ್ಪುಕಾಣಿಕೆ

ಊರು ಬಿಟ್ಟು ಬಂದವರಿಗೆಲ್ಲ ಒಂದು ಚಿಂತೆ ಇದ್ದೇ ಇರುತ್ತದೆ. ಮನೆದೇವರು ಅಲ್ಲಿ, ನಾವು ಇಲ್ಲಿ. ಹೊತ್ತ ಹರಕೆ ತೀರಿಸೋದು ಹೇಗೆ? ನಾನು ಬ್ಯಾಂಕಿಗೆ ಸೇರಿ ಮುಂಬಯಿಗೆ ಬಂದಾಗ ಅದಕ್ಕೊಂದು ಸುಲಭದ ದಾರಿ ಇತ್ತು, ಮನಿಆರ್ಡರು. ವರ್ಷಕ್ಕೊಮ್ಮೆ ಬಾದಾಮಿ ಬನಶಂಕರಿಗೆ ಹನ್ನೊಂದು ರೂಪಾಯಿ. ಏನಾದರೂ ತಪ್ಪು ನಡೆದಿದ್ದರೆ ಇನ್ನಷ್ಟು ಸೇರಿಸಿ, ಕೂಪನ್ನಿನಲ್ಲಿ "ತಪ್ಪುಕಾಣಿಕೆ" ಅಂತ ಬರೆಯುವುದು. ನಮ್ಮ ಅವ್ವ ಅರಿಷಿಣದ ಬಟ್ಟೆಯಲ್ಲಿ ನಾಣ್ಯ ಕಟ್ಟಿಡುತ್ತಿದ್ದಳಲ್ಲ, ಅದೇ ಪದ್ಧತಿ ಅಂಚೆ ಇಲಾಖೆಯ ಮೂಲಕ.

1986ರಲ್ಲಿ ನಾನು ಹೀಗೆ ಕಳಿಸಿದ ಒಂದು ಮನಿಆರ್ಡರಿನ ಕಥೆಯನ್ನು ಇಷ್ಟು ವರ್ಷ ಯಾರಿಗೂ ಬರೆದಿರಲಿಲ್ಲ. ಅದನ್ನು ಬರೆಯಬೇಕಾದರೆ ಮೊದಲು ಯೆಹೂದಿಗಳ ಬಲಿಯ ವಿಷಯ ಹೇಳಬೇಕು. ಬ್ಯಾಂಕಿನವನಿಗೂ ಯೆಹೂದಿಗಳ ಬಲಿಗೂ ಏನು ಸಂಬಂಧ ಅಂತೀರಾ? ಸ್ವಲ್ಪ ತಾಳ್ಮೆ ಇರಲಿ.

ನಮ್ಮ ಶಾಖೆಯಲ್ಲಿ ಹಿರಿಯ ಗುಮಾಸ್ತರೊಬ್ಬರಿದ್ದರು, ಬೆನೆ ಇಸ್ರೇಲಿ ಸಮಾಜದವರು. ಮನೆಮಾತು ಮರಾಠಿ. ಅಡ್ಡಹೆಸರು ಕೊಂಕಣದ ಒಂದು ಹಳ್ಳಿಯದು. ಹಡಗು ಒಡೆದು ಅಲಿಬಾಗದ ಹತ್ತಿರದ ನವಗಾಂವ್ ತೀರಕ್ಕೆ ಬಂದು ಬಿದ್ದ ಏಳು ಜೋಡಿ ಗಂಡಹೆಂಡಿರ ಸಂತತಿ ತಾವು ಅಂತ ಅವರ ಪ್ರತೀತಿ. ಕೊಂಕಣದಲ್ಲಿ ಅವರಿಗೆ ಶನಿವಾರ ತೇಲಿ ಅನ್ನುತ್ತಿದ್ದರು. ಎಣ್ಣೆ ಗಾಣ ನಡೆಸುತ್ತಿದ್ದರು, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು.

ಒಂದು ಸಂಜೆ ಅವರು ನನ್ನನ್ನು ಮಸ್ಜಿದ್ ಬಂದರದ ಹತ್ತಿರ ಸ್ಯಾಮ್ಯುಯಲ್ ಸ್ಟ್ರೀಟಿಗೆ ಕರೆದೊಯ್ದರು. ಅಲ್ಲಿ 'ಶಾರ್ ಹಾರಹಮೀಮ್', ಅಂದರೆ ಕರುಣೆಯ ಬಾಗಿಲು, ಅನ್ನುವ ಸಿನಗಾಗ್ ಇದೆ. ಮುಂಬಯಿಯ ಅತ್ಯಂತ ಹಳೆಯದು, 1796ರಲ್ಲಿ ಸ್ಥಾಪನೆಯಾದದ್ದು. "ಇದಕ್ಕೂ ನಿಮ್ಮ ನಾಡಿಗೂ ನಂಟಿದೆ" ಅಂದರು. ಕಟ್ಟಿಸಿದವರು ಸ್ಯಾಮ್ಯುಯಲ್ ಎಝೆಕಿಯಲ್ ದಿವೇಕರ್, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ದೇಶಿ ಅಧಿಕಾರಿ. ಎರಡನೇ ಮೈಸೂರು ಯುದ್ಧದಲ್ಲಿ (1780–84) ಟಿಪ್ಪುವಿನ ಸೈನ್ಯಕ್ಕೆ ಸೆರೆ ಸಿಕ್ಕರು. ಇವರು ಬನಿ ಇಸ್ರಾಯಿಲ್ ಜನ, ಕುರಾನಿನಲ್ಲಿ ಇವರ ಹೆಸರಿದೆ ಅಂತ ತಿಳಿದು ಟಿಪ್ಪುವಿನ ತಾಯಿ ಜೀವ ಉಳಿಸಲು ಹೇಳಿದಳು ಅಂತ ಅವರ ಸಮಾಜದಲ್ಲಿ ಹೇಳುತ್ತಾರೆ. ಬಿಡುಗಡೆಯಾಗಿ ಬಂದ ಮನುಷ್ಯ ಕೃತಜ್ಞತೆಯಿಂದ ಕಟ್ಟಿಸಿದ್ದು ಈ ಮಂದಿರ.

ನನ್ನ ಗೆಳೆಯರು ಹೇಳಿದ ಮುಂದಿನ ಮಾತು ನನಗೆ ಹೊಸದು. ಜೆರುಸಲೇಮಿನ ದೇವಾಲಯ ಇದ್ದ ಕಾಲದಲ್ಲಿ ಸೆರೆಯಿಂದ ಬಿಡುಗಡೆಯಾದವನು 'ತೋದಾ' ಅನ್ನುವ ಕೃತಜ್ಞತೆಯ ಬಲಿ ಕೊಡುತ್ತಿದ್ದ. ಸಮುದ್ರ ದಾಟಿ ಬಂದವನು, ಮರುಭೂಮಿ ದಾಟಿದವನು, ರೋಗದಿಂದ ಎದ್ದವನು, ಸೆರೆ ಬಿಟ್ಟವನು, ಈ ನಾಲ್ವರು ದೇವರಿಗೆ ವಂದನೆ ಸಲ್ಲಿಸಲೇಬೇಕು ಅಂತ ತಾಲ್ಮುದ್ ಹೇಳುತ್ತದೆ. ಪ್ರಾಣಿಯ ಜೊತೆಗೆ 40 ರೊಟ್ಟಿ. ನಾಲ್ಕು ಯಾಜಕನಿಗೆ, ಉಳಿದ 36 ಮತ್ತು ಮಾಂಸವನ್ನು ಆ ಹಗಲು, ಆ ರಾತ್ರಿಯೊಳಗೆ ತಿಂದು ಮುಗಿಸಬೇಕು, ನಾಳೆಗೆ ಇಡುವ ಹಾಗಿಲ್ಲ. ಒಬ್ಬನಿಂದ ಅದು ಆಗುವುದಿಲ್ಲವಲ್ಲ! ಹತ್ತು ಜನರನ್ನು ಕರೆಯಬೇಕು, ಕೂಡಿಸಬೇಕು, ತಾನು ಹೇಗೆ ಬದುಕಿ ಬಂದೆ ಅಂತ ಹೇಳಬೇಕು. ನಿಯಮ ಮಾಡಿದ್ದರ ಉದ್ದೇಶವೇ ಅದು ಅಂತ ಅವರ ಪಂಡಿತರ ವಿವರಣೆ. ದಿವೇಕರರಿಗೆ ಬಲಿಪೀಠ ಇರಲಿಲ್ಲ. ಅದು ಹೋಗಿ ಸಾವಿರದ ಏಳುನೂರು ವರ್ಷ ದಾಟಿತ್ತು. ಅದಕ್ಕೇ ಹತ್ತು ಜನ ಕೂಡುವ ಮಂದಿರ ಕಟ್ಟಿಸಿದರು.

ಅಲ್ಲಿಂದ ನನಗೆ ಓದುವ ಹುಚ್ಚು ಹಿಡಿಯಿತು. ಬಲಿ ಅಂದರೆ ನಮ್ಮ ತಲೆಯಲ್ಲಿ ಬರುವುದು ಕತ್ತಿ, ರಕ್ತ, ಕೋಪಗೊಂಡ ದೇವರಿಗೆ ಲಂಚ. ಹೀಬ್ರೂ ಭಾಷೆಯಲ್ಲಿ ಅದರ ಹೆಸರು 'ಕೊರ್ಬಾನ್'. ನಮಗೆ ಗೊತ್ತಿರುವ ಕುರ್ಬಾನಿಯೂ ಅದೇ ಮೂಲದ್ದು. ಧಾತುವಿನ ಅರ್ಥ 'ಹತ್ತಿರ ಬರುವುದು'. ಕೊಡುವುದಲ್ಲ, ಕೊಲ್ಲುವುದಲ್ಲ, ಹತ್ತಿರ ಬರುವುದು. ದೂರ ಹೋದವನಿಗೇ ಹತ್ತಿರ ಬರುವ ಅಗತ್ಯ.

ಯಾಜಕಕಾಂಡದ ಮೊದಲ ಅಧ್ಯಾಯಗಳಲ್ಲಿ ಐದು ಬಗೆ ಬರುತ್ತವೆ. 'ಓಲಾ' ಪೂರ್ತಿ ಸುಟ್ಟು ಮೇಲೇರುವುದು, ಅದರಲ್ಲಿ ಕೊಟ್ಟವನಿಗೆ ಪಾಲಿಲ್ಲ. 'ಮಿನ್ಹಾ' ಹಿಟ್ಟು, ಎಣ್ಣೆ, ಧೂಪದ ನೈವೇದ್ಯ. 'ಶೆಲಾಮೀಮ್' ಸಮಾಧಾನದ ಬಲಿ, ಅದರಲ್ಲಿ ಪೀಠಕ್ಕೆ, ಯಾಜಕನಿಗೆ, ಕೊಟ್ಟವನಿಗೆ ಮೂವರಿಗೂ ಪಾಲು. 'ಹತ್ತಾತ್' ತಿಳಿಯದೆ ಮಾಡಿದ ಪಾಪಕ್ಕೆ, 'ಆಶಾಮ್' ಅಪರಾಧಕ್ಕೆ. ಪೀಠದ ಮೇಲೆ ಹುಳಿ ಹಿಟ್ಟಿಲ್ಲ, ಜೇನಿಲ್ಲ. ಉಪ್ಪು ಮಾತ್ರ ಎಲ್ಲದಕ್ಕೂ ಬೇಕು. ರಕ್ತವನ್ನು ಯಾರೂ ತಿನ್ನುವಂತಿಲ್ಲ, ಅದು ಜೀವ, ಜೀವ ದೇವರದ್ದು.

ಬಡವನ ವಿಷಯದಲ್ಲಿ ಈ ಶಾಸ್ತ್ರ ಕಣ್ಣು ಮುಚ್ಚಿಲ್ಲ. ಕೆಲವು ಪಾಪಗಳಿಗೆ ಕುರಿ ಅಥವಾ ಮೇಕೆ ತರಬೇಕು. ಆಗದಿದ್ದರೆ ಎರಡು ಪಾರಿವಾಳ. ಅದೂ ಆಗದಿದ್ದರೆ ಒಂದಿಷ್ಟು ಗೋಧಿ ಹಿಟ್ಟು. ನಾವು ಸಾಲಕ್ಕೆ ಆದಾಯ ನೋಡಿ ಕಂತು ಕಟ್ಟಿದ ಹಾಗೆ! ಇನ್ನೊಂದು ಸೂಕ್ಷ್ಮ. ಹಿಟ್ಟಿನ ನೈವೇದ್ಯದ ನಿಯಮ ಹೇಳುವಾಗ ಮೂಲದಲ್ಲಿ ಕೊಡುವವನಿಗೆ 'ನೆಫೆಶ್', ಪ್ರಾಣ, ಅನ್ನುವ ಶಬ್ದ ಬಳಸಿದ್ದಾರೆ. ಹಿಟ್ಟು ತರುವವನು ಬಡವ, ಅವನು ತನ್ನ ಪ್ರಾಣವನ್ನೇ ತಂದ ಹಾಗೆ ಅಂತ ತಾಲ್ಮುದ್ ಕಾಲದ ಗುರುಗಳು ಅರ್ಥ ಹೇಳಿದರು.

ಈಗ ನನ್ನ ಮನಿಆರ್ಡರು. ಆ ವರ್ಷ ನಾನಿನ್ನೂ ಪ್ರೊಬೇಷನರಿ. ಒಂದು ಸಂಜೆ ಕ್ಯಾಶ್ ಮುಗಿಸುವಾಗ 500 ರೂಪಾಯಿ ಕಡಿಮೆ ಬಂತು. ಎಷ್ಟು ಎಣಿಸಿದರೂ ಅಷ್ಟೇ. ಕೊನೆಗೆ ಕ್ಯಾಶಿಯರು ತನ್ನ ಸಂಬಳದಿಂದ ತುಂಬಿಕೊಟ್ಟ. ನಾನೂ ಎಲ್ಲರ ಹಾಗೆ ಅವನ ಮುಖ ಅನುಮಾನದಿಂದ ನೋಡಿದ್ದೆ. ಮೂರು ವಾರದ ಮೇಲೆ ನನ್ನ ಡ್ರಾವರಿನಲ್ಲಿ ಒಂದು ಲಕೋಟೆ ಸಿಕ್ಕಿತು. ಬದಲಾಯಿಸಬೇಕು ಅಂತ ನಾನೇ ಎತ್ತಿಟ್ಟು ಮರೆತಿದ್ದ ಐದು ಹರಕು ನೋಟು. ಬಾಯಿ ಬಿಟ್ಟರೆ ಕನ್ಫರ್ಮೇಶನ್ ಹೋದೀತು ಅಂತ ಹೆದರಿಕೆ. ಇಟ್ಟುಕೊಳ್ಳಲು ಮನಸ್ಸಿಲ್ಲ. ಏನು ಮಾಡಿದೆ ಗೊತ್ತೇ? ನನ್ನದೊಂದು ರೂಪಾಯಿ ಸೇರಿಸಿ 501 ಮಾಡಿ ಬನಶಂಕರಿಗೆ ಕಳಿಸಿಬಿಟ್ಟೆ. ತಪ್ಪುಕಾಣಿಕೆ.

ನಿದ್ದೆ ಬರಲಿಲ್ಲ. ಕೆಲವು ತಿಂಗಳಾದ ಮೇಲೆ ಆ ಹಿರಿಯರು ಠಾಣೆಯ ತಮ್ಮ ಮನೆಗೆ 'ಮಲೀದಾ'ಕ್ಕೆ ಕರೆದರು. ನೆನೆಸಿದ ಅವಲಕ್ಕಿಗೆ ತೆಂಗಿನಕಾಯಿ, ಸಕ್ಕರೆ, ಏಲಕ್ಕಿ ಹಾಕಿ, ತಟ್ಟೆಯಲ್ಲಿ ಹಣ್ಣು ಜೋಡಿಸಿ, ಪ್ರವಾದಿ ಎಲಿಯಾಹುವನ್ನು ನೆನೆದು ಹಾಡಿ ಎಲ್ಲರಿಗೂ ಹಂಚುತ್ತಾರೆ. ಹರಕೆ ತೀರಿದಾಗ, ಮದುವೆಗೆ ಮುಂಚೆ, ಒಳ್ಳೆಯದಾದಾಗ ಮಾಡುವ ಪದ್ಧತಿ. ಹಳೆಯ ಮಿನ್ಹಾದ ನೆನಪು ಇದರಲ್ಲಿದೆ ಅಂತ ಕೆಲವರು ಹೇಳುತ್ತಾರೆ. ನನಗಂತೂ ನಮ್ಮ ಮನೆಯ ಪ್ರಸಾದವೇ ಅನ್ನಿಸಿತು. ಗಂಟಲಲ್ಲಿ ಇಳಿಯಲಿಲ್ಲ. ಊಟವಾದ ಮೇಲೆ ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. ಆಶಾಮ್ ವಿಷಯ ಹೇಳಿದರು. ಒಬ್ಬನು ಇಟ್ಟ ಠೇವಣಿಯನ್ನೋ ಅಡವನ್ನೋ ಸಿಕ್ಕ ವಸ್ತುವನ್ನೋ ಇಲ್ಲವೆಂದು ಸುಳ್ಳು ಹೇಳಿದವನು ಏನು ಮಾಡಬೇಕು? ತಪ್ಪು ಒಪ್ಪಿಕೊಳ್ಳಬೇಕು. ಅಸಲು, ಅದರ ಮೇಲೆ ಐದನೇ ಒಂದು ಪಾಲು, ಆ ಮನುಷ್ಯನ ಕೈಗೇ ಕೊಡಬೇಕು. ಆಮೇಲೆ ಟಗರು ಹಿಡಿದು ದೇವರ ಹತ್ತಿರ ಹೋಗಬೇಕು. ಮೊದಲು ಮನುಷ್ಯ, ಆಮೇಲೆ ದೇವರು. ಕದ್ದ ಪ್ರಾಣಿಯಂತೂ ಬಲಿಗೆ ಸಲ್ಲುವುದೇ ಇಲ್ಲ. "ನೀವು ಕಳಿಸಿದ್ದು ಆತನ ದುಡ್ಡು, ನಿಮ್ಮದು ಒಂದೇ ರೂಪಾಯಿ" ಅಂದರು.

ಐದನೇ ಪಾಲಿನ ಲೆಕ್ಕದಲ್ಲೂ ಒಂದು ಸ್ವಾರಸ್ಯ ಇದೆ. ಗುರುಗಳ ತೀರ್ಮಾನದ ಪ್ರಕಾರ ಕೊಡುವ ಒಟ್ಟು ಮೊತ್ತದಲ್ಲಿ ಐದನೇ ಒಂದು ಪಾಲು ದಂಡ ಆಗಿರಬೇಕು. ಅಂದರೆ ನೂರಕ್ಕೆ ನೂರಿಪ್ಪತ್ತಲ್ಲ, ನೂರಿಪ್ಪತ್ತೈದು. ನಾನು 625 ಹೊಂದಿಸಿ, ಅಷ್ಟರಲ್ಲಿ ಕಲ್ಯಾಣಕ್ಕೆ ವರ್ಗವಾಗಿದ್ದ ಕ್ಯಾಶಿಯರನ್ನು ಹುಡುಕಿಕೊಂಡು ಹೋದೆ. ಆತ ಕೇಳಿದ, ಸುಮ್ಮನೆ ಕೂತ. 500 ಎಣಿಸಿ ತೆಗೆದುಕೊಂಡು 125 ನನ್ನ ಕಡೆ ಸರಿಸಿದ. "ಇದು ಬೇಡ ಸಾಹೇಬ್ರ. ಆವತ್ತು ಸಂಜೆ ನೀವು ನನ್ನ ನೋಡಿದ್ದಕ್ಕ ಇದು ಸಾಲೂದಿಲ್ಲ" ಅಂದ. ಆತನೂ ನಮ್ಮ ಕಡೆಯವನೇ, ವಿಜಾಪುರದವನು. ಮಾರನೇ ದಿನ ಮ್ಯಾನೇಜರಿಗೆ ಬರೆದುಕೊಟ್ಟೆ. ಕನ್ಫರ್ಮೇಶನ್ ಆರು ತಿಂಗಳು ಮುಂದೆ ಹೋಯಿತು. ಅದು ನ್ಯಾಯವೇ.

ಬಲಿಪೀಠ ಹೋದ ಮೇಲೆ ಈ ಜನ ಏನು ಮಾಡಿದರು ಅನ್ನುವುದು ಊರು ಬಿಟ್ಟ ನಮ್ಮಂಥವರು ತಿಳಿಯಬೇಕಾದ ಸಂಗತಿ. ಮೊದಲ ದೇವಾಲಯವನ್ನು ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರು, ಎರಡನೆಯದನ್ನು ಕ್ರಿ.ಶ. 70ರಲ್ಲಿ ರೋಮನ್ನರು ಸುಟ್ಟರು. ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಂದು, ಸಂಜೆ ಒಂದು ಕುರಿಮರಿ ಕೊಡುವ 'ತಾಮೀದ್' ನಿಂತುಹೋಯಿತು. ಪಾಪ ಕಳೆಯುವ ಜಾಗವೇ ಹಾಳಾಯಿತಲ್ಲ ಅಂತ ಅತ್ತ ಶಿಷ್ಯನಿಗೆ ಗುರು ಯೋಹಾನಾನ್ ಬೆನ್ ಝಕ್ಕಾಯ್, ಅಷ್ಟೇ ಸಮನಾದ ಇನ್ನೊಂದು ದಾರಿ ನಮಗಿದೆ, ಅದು ಮನುಷ್ಯರಿಗೆ ದಯೆ ತೋರುವುದು ಅಂತ ಸಮಾಧಾನ ಹೇಳಿದರಂತೆ. ತಾಮೀದಿನ ಹೊತ್ತಿಗೆ ಪ್ರಾರ್ಥನೆ ಬಂತು. ಮಧ್ಯಾಹ್ನದ ಪ್ರಾರ್ಥನೆಗೆ ಇವತ್ತಿಗೂ ಮಿನ್ಹಾ ಅಂತಲೇ ಹೆಸರು. ಊಟದ ಮೇಜೇ ಬಲಿಪೀಠ ಆಯಿತು, ರೊಟ್ಟಿಯನ್ನು ಉಪ್ಪಿಗೆ ತಾಗಿಸಿ ತಿನ್ನುತ್ತಾರೆ. ಮುಂಬಯಿಯಲ್ಲಿ ಪ್ರಾರ್ಥಿಸುವಾಗ ಜೆರುಸಲೇಮ್ ಇರುವ ಪಶ್ಚಿಮಕ್ಕೆ ಮುಖ ಮಾಡುತ್ತಾರೆ.

ಬಲಿ ಯಾಕೆ ಬೇಕಿತ್ತು ಅಂತ ಅವರಲ್ಲೇ ವಾದ ಇದೆ. ಮೈಮೊನಿಡಿಸ್ (1138–1204) ಪ್ರಕಾರ ಸುತ್ತಲಿನ ಜನರ ರೂಢಿಯನ್ನು ಒಮ್ಮೆಲೇ ಬಿಡಿಸಲು ಆಗದೆ, ದೇವರು ಅದನ್ನು ತನ್ನ ಕಡೆ ತಿರುಗಿಸಿಕೊಂಡ. ನಹ್ಮಾನಿಡಿಸ್ (1194–1270) ಒಪ್ಪಲಿಲ್ಲ. ಪ್ರಾಣಿಯ ತಲೆಯ ಮೇಲೆ ಕೈ ಊರಿ ನಿಂತವನಿಗೆ ಅಲ್ಲಿ ಇರಬೇಕಾದವನು ತಾನು ಅನ್ನುವುದು ಅರಿವಾಗಬೇಕು, ಅದಕ್ಕೇ ಬಲಿ ಅಂದ. ನಮ್ಮ ಜನ್ನ 1209ರಲ್ಲಿ 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿ ಕೊಯ್ದರೂ ಸಂಕಲ್ಪದ ಹಿಂಸೆ ಬಿಡದು ಅಂತ ತೋರಿಸಿದ. ಎಲ್ಲಿಯೋ ಸ್ಪೇನು, ಎಲ್ಲಿಯೋ ಹಳೇಬೀಡು. ಇಬ್ಬರೂ ಕತ್ತಿಯನ್ನು ಬಿಟ್ಟು ಹಿಡಿದವನ ಮನಸ್ಸನ್ನೇ ನೋಡಿದರು.

ಆ ಹಿರಿಯರು ನಿವೃತ್ತಿಯಾಗಿ ಮಗನ ಹತ್ತಿರ ಇಸ್ರೇಲಿಗೆ ಹೋದರು, ಅಲ್ಲೇ ತೀರಿಕೊಂಡರು. ಬನಶಂಕರಿಗೆ ನಾನು ಈಗಲೂ ಕಾಣಿಕೆ ಕಳಿಸುತ್ತೇನೆ. ಈಗ ಮನಿಆರ್ಡರಿಲ್ಲ, ಫೋನಿನಲ್ಲೇ ಹೋಗುತ್ತದೆ. ಕಳಿಸುವ ಮುಂಚೆ ಮಾತ್ರ ಒಂದು ಲೆಕ್ಕ ತಾಳೆ ನೋಡುತ್ತೇನೆ, ಇದರಲ್ಲಿ ಬೇರೆಯವರದು ಏನಾದರೂ ಇದೆಯಾ ಅಂತ. ಆ 125 ರೂಪಾಯಿ ನನ್ನ ಹತ್ತಿರವೇ ಇದೆ, ಹಳೆಯ ಲಕೋಟೆಯಲ್ಲಿ. ಅದನ್ನು ಯಾವ ಖಾತೆಗೆ ಜಮಾ ಮಾಡಬೇಕು ಅಂತ ಇನ್ನೂ ತಿಳಿದಿಲ್ಲ.