ಮೈಯ ಕೊಬ್ಬನ್ನು ತೂಗಿದವರು

ಹಿಂದೆ ರೈಲು ನಿಲ್ದಾಣದ ತೂಕದ ಯಂತ್ರಕ್ಕೆ ನಾಣ್ಯ ಹಾಕಿದರೆ ಪುಟ್ಟ ಚೀಟಿಯೊಂದು ಹೊರಬೀಳುತ್ತಿತ್ತು. ಒಂದು ಬದಿಗೆ ನಮ್ಮ ತೂಕ, ಮತ್ತೊಂದು ಬದಿಗೆ ನಮ್ಮ ಭವಿಷ್ಯ! ಭವಿಷ್ಯವನ್ನು ನಂಬದವರೂ ತೂಕವನ್ನು ನಂಬುತ್ತಿದ್ದರು. ಆ ನಂಬಿಕೆಯೂ ಪೂರ್ತಿ ಸರಿಯಲ್ಲವೆಂದು ತೋರಿಸಿಕೊಟ್ಟವನು ಅಮೆರಿಕದ ನೌಕಾದಳದ ಒಬ್ಬ ವೈದ್ಯ, ಆಲ್ಬರ್ಟ್ ಬೆಂಕೆ.

ಬೆಂಕೆಗೆ ಕೊಬ್ಬಿನ ಮೇಲೆ ಆಸಕ್ತಿ ಹುಟ್ಟಿದ್ದು ಆಳ ಸಮುದ್ರಕ್ಕಿಳಿಯುವ ಮುಳುಗುಗಾರರಿಂದ. ನೀರಿನಡಿಯ ಒತ್ತಡದಲ್ಲಿ ಗಾಳಿಯ ಸಾರಜನಕ ಮೈಯಲ್ಲಿ ಕರಗುತ್ತದೆ. ಅದೂ ನೀರಿಗಿಂತ ಸುಮಾರು ಐದು ಪಟ್ಟು ಹೆಚ್ಚಾಗಿ ಕೊಬ್ಬಿನಲ್ಲಿ. ಮುಳುಗಿದವನು ಅವಸರದಿಂದ ಮೇಲೆ ಬಂದರೆ ಅದೇ ಗುಳ್ಳೆಗಳಾಗಿ ಪ್ರಾಣಕ್ಕೆ ಸಂಚಕಾರ ತರುತ್ತದೆ. ಯಾರ ಮೈಯಲ್ಲಿ ಎಷ್ಟು ಕೊಬ್ಬಿದೆಯೆಂದು ತಿಳಿಯಬೇಡವೆ? ಬದುಕಿರುವ ಮನುಷ್ಯನನ್ನು ಕೊಯ್ದು ನೋಡುವಂತಿಲ್ಲ. ಬೆಂಕೆ ಹಳೆಯ ಆರ್ಕಿಮಿಡೀಸನ ಮೊರೆಹೊಕ್ಕ. ಮನುಷ್ಯನನ್ನು ಮೊದಲು ಗಾಳಿಯಲ್ಲಿ ತೂಗಿದ. ಬಳಿಕ ಉಸಿರನ್ನೆಲ್ಲ ಹೊರಬಿಡಿಸಿ, ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಿದ. ಕೊಬ್ಬು ನೀರಿಗಿಂತ ಹಗುರ, ಮಾಂಸ ಮೂಳೆಗಳು ಭಾರ. ನೀರಿನೊಳಗೆ ಹೆಚ್ಚು ತೂಗಿದವನು ಕಡಿಮೆ ಕೊಬ್ಬಿನವನು.

1942ರಲ್ಲಿ ಬೆಂಕೆ ಮತ್ತು ಸಹೋದ್ಯೋಗಿ ವೆಲ್‌ಹ್ಯಾಮ್ 25 ಮಂದಿ ವೃತ್ತಿನಿರತ ಫುಟ್‌ಬಾಲ್ ಆಟಗಾರರನ್ನು ಪರೀಕ್ಷಿಸಿದರು. ಅಮೆರಿಕದ ಆ ಆಟ ನಮ್ಮ ಕಾಲ್ಚೆಂಡಲ್ಲ; ಭೀಮಕಾಯರ ಕಾಳಗ. ಎತ್ತರ-ತೂಕಗಳ ಪಟ್ಟಿಯ ಪ್ರಕಾರ ಅವರಲ್ಲಿ 17 ಮಂದಿ ಅತಿತೂಕದವರು, ಸೈನ್ಯಕ್ಕೆ ಅನರ್ಹರು! ನೀರಿನ ತಕ್ಕಡಿ ಬೇರೆಯದನ್ನೇ ಹೇಳಿತು: ಅದು ಬೊಜ್ಜಲ್ಲ, ಮಾಂಸಖಂಡ. ನಮ್ಮ ಭಾಷೆಯಲ್ಲಿ 'ಕೊಬ್ಬು' ಎಂದರೆ ಸೊಕ್ಕೂ ಹೌದು. ಪಟ್ಟಿಗೆ ಯಾವುದೂ ಗೊತ್ತಿರಲಿಲ್ಲ.

1956ರಲ್ಲಿ ವಿಲಿಯಂ ಸಿರಿ ಇದಕ್ಕೊಂದು ಸೂತ್ರ ಕೊಟ್ಟ: 495ನ್ನು ಮೈಯ ಸಾಂದ್ರತೆಯಿಂದ ಭಾಗಿಸಿ 450 ಕಳೆದರೆ ಕೊಬ್ಬಿನ ಶೇಕಡಾ ಪ್ರಮಾಣ. 60 ಕಿಲೋ ತೂಗುವವನು, ಶ್ವಾಸಕೋಶದಲ್ಲಿ ಉಳಿದ ಗಾಳಿಯ ಲೆಕ್ಕ ಸರಿಪಡಿಸಿದ ಮೇಲೆ, ನೀರಿನಲ್ಲಿ 3 ಕಿಲೋ ತೂಗಿದರೆ ಅವನಲ್ಲಿ ಕೊಬ್ಬು ಸುಮಾರು ನೂರಕ್ಕೆ 20. ಈ ಸಿರಿ ಪರ್ವತಾರೋಹಿಯೂ ಹೌದು. 1963ರ ಅಮೆರಿಕನ್ ಎವರೆಸ್ಟ್ ತಂಡದ ಉಪನಾಯಕ.

ಎಲ್ಲರನ್ನೂ ತೊಟ್ಟಿಯಲ್ಲಿ ಮುಳುಗಿಸುವುದು ಆಗದ ಮಾತು. 1974ರಲ್ಲಿ ಡರ್ನಿನ್ ಮತ್ತು ವೊಮರ್ಸ್‌ಲಿ 481 ಮಂದಿಯ ತೋಳು, ಬೆನ್ನು, ಸೊಂಟಗಳ ಚರ್ಮದ ಮಡಿಕೆಯನ್ನು ಚಿಮಟದಂಥ ಉಪಕರಣದಿಂದ ಹಿಡಿದಳೆದು, ಅದರಿಂದಲೇ ಕೊಬ್ಬನ್ನು ಅಂದಾಜು ಮಾಡುವ ಕೋಷ್ಟಕ ರಚಿಸಿದರು. ಆದರೆ ಜಗತ್ತು ಒಪ್ಪಿಕೊಂಡದ್ದು ಇನ್ನೂ ಅಗ್ಗದ ಲೆಕ್ಕವನ್ನು: ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವುದು. ಬೆಲ್ಜಿಯಂನ ಕೆಟಲೆ 19ನೆಯ ಶತಮಾನದಲ್ಲಿ ಕಂಡದ್ದಕ್ಕೆ 1972ರಲ್ಲಿ ಆನ್ಸೆಲ್ ಕೀಸ್ ದೇಹದ್ರವ್ಯ ಸೂಚಿ ಎಂದು ಹೆಸರಿಟ್ಟ. ಅಂತೂ ಹಳೆಯ ಪಟ್ಟಿ ಹೊಸ ಅಂಗಿ ತೊಟ್ಟು ಮರಳಿತು!

2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಭಾವಚಿತ್ರ ಅಚ್ಚಾಯಿತು: ಪುಣೆಯ ಯಾಜ್ಞಿಕ್, ಲಂಡನ್ನಿನ ಯುಡ್ಕಿನ್. ಇಬ್ಬರೂ ತೆಳ್ಳನೆಯವರೇ, ಇಬ್ಬರ ಸೂಚಿಯೂ 22.3. ಕ್ಷಕಿರಣದಿಂದ ಅಳೆದಾಗ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇಕಡಾ 9.1, ನಮ್ಮ ಯಾಜ್ಞಿಕರ ಮೈಯಲ್ಲಿ 21.2.