ಟ್ರ್ಯಾಕ್ಟರ್ ಬೆನ್ನಿನ ಮೂರು ಕೊಂಡಿ

ನಮ್ಮ ಎರಡೆಕರೆ ಇಳಿಜಾರು ಹೊಲವನ್ನು ಅಪ್ಪ ಮಟ್ಟ ಮಾಡ್ತಿದ್ದದ್ದು ಎತ್ತು, ಹಲಗೆ, ಗುದ್ದಲಿಯಿಂದ. ಅವ್ವ ಮಂಕರಿಯಲ್ಲಿ ಮಣ್ಣು ಹೊರ್ತಿದ್ದಳು. ಎಷ್ಟೋ ಬೇಸಿಗೆ ಹಿಡೀತು. ಈಗ ಟ್ರ್ಯಾಕ್ಟರ್ ಬೆನ್ನಿಗೆ ಬ್ಲೇಡ್ ಸಿಕ್ಕಿಸಿದರೆ ಅರ್ಧ ದಿನದ ಕೆಲಸ.

ಈ ‘ಸಿಕ್ಕಿಸೋದು’ ಮೊದಲು ಇರಲಿಲ್ಲ. 1917ರಲ್ಲಿ ಬಂದ ಹೆನ್ರಿ ಫೋರ್ಡ್‌ನ ಫೋರ್ಡ್‌ಸನ್ ಟ್ರ್ಯಾಕ್ಟರ್ ನೇಗಿಲನ್ನು ಗಾಡಿಯಂತೆ ಹಿಂದೆ ಎಳೀತಿತ್ತು. ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಮುಂದಿನ ಚಕ್ರ ಮೇಲೆದ್ದು, ಟ್ರ್ಯಾಕ್ಟರ್ ಚಾಲಕನ ಮೇಲೇ ಮಗುಚಿಕೊಳ್ಳೋದು. ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗ್ಯುಸನ್ ಇದಕ್ಕೆ ಉತ್ತರ ಹುಡುಕಿದ: ಕೆಳಗೆರಡು, ಮೇಲೊಂದು ಕೊಂಡಿ, ಎತ್ತಿ ಇಳಿಸೋಕೆ ಹೈಡ್ರಾಲಿಕ್. ನೇಗಿಲು ಜಗ್ಗಿದಷ್ಟೂ ಮೇಲಿನ ಕೊಂಡಿ ಟ್ರ್ಯಾಕ್ಟರಿನ ಮೂತಿಯನ್ನು ನೆಲಕ್ಕೆ ಒತ್ತುತ್ತೆ.

1938ರಲ್ಲಿ ಫೋರ್ಡ್, ಫರ್ಗ್ಯುಸನ್ ಇಬ್ಬರೂ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡರು. ಮರುವರ್ಷ ಈ ಕೊಂಡಿಯ ‘9ಎನ್’ ಬಂತು. ಆಮೇಲೆ ಜಗಳ, ಕೋರ್ಟು. 1952ರಲ್ಲಿ ಫೋರ್ಡ್ ಕಂಪನಿ 92.5 ಲಕ್ಷ ಡಾಲರ್ ಕೊಟ್ಟು ಕೇಸು ಮುಗಿಸಿತು. ಕೊಂಡಿ ಮಾತ್ರ ಎಲ್ಲರದಾಯಿತು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಅದೊಂದು ಎಪಿಐ: ನೇಗಿಲು, ಬ್ಲೇಡ್, ಗುಂಡಿ ತೋಡುವ ಆಗರ್, ಯಾವುದಾದರೂ ಸಿಕ್ಕಿಸಿ.

ಹೋದ ವರ್ಷ ಬಾಡಿಗೆ ಟ್ರ್ಯಾಕ್ಟರ್ ಕರೆಸಿ ಉಳಿದಿದ್ದ ದಿಬ್ಬ ಕೆರೆಸಿದೆ. ‘ಮೇಲ್ಮಣ್ಣೆಲ್ಲ ತಗ್ಗಿಗೆ ಹಾಕ್ಬಿಟ್ಯಲ್ಲೋ’ ಅಂದ್ರು ಅಪ್ಪ. ದಿಬ್ಬವಿದ್ದ ಕಡೆ ಆ ಸಲ ರಾಗಿ ಮೊಣಕಾಲುದ್ದವೂ ಬರಲಿಲ್ಲ. ಅವರು ಮೇಲ್ಮಣ್ಣನ್ನು ಮೊದಲು ಪಕ್ಕಕ್ಕೆ ಗುಡ್ಡೆ ಹಾಕಿ, ಒಳಮಣ್ಣು ಸರಿಸಿ, ಆಮೇಲೆ ಅದನ್ನೇ ಮೇಲೆ ಹರಡ್ತಿದ್ದರು. ಬ್ಲೇಡೂ ಅದನ್ನು ಮಾಡುತ್ತೆ, ಎರಡು ಗಂಟೆ ಬಾಡಿಗೆ ಹೆಚ್ಚಾಗುತ್ತೆ ಅಷ್ಟೆ. ಆ ದುಡ್ಡು ಉಳಿಸೋಕೆ ಹೋದವನು ನಾನೇ.