ಬಟ್ಟೆ ಆರಿಸುವವರು ಯಾರು? ನಮ್ಮ ಭಾಗದ ಕೌದಿಯ ಕಥೆ

ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿ ರಜತ ಮಹೋತ್ಸವ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಏನಾದರೂ ಇತಿಹಾಸದ ವಿಷಯ ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯವರು ನಮಗೆ ತಿಳಿಸಿದರು. ವಿಜಯಪುರದ ಇತಿಹಾಸವೆಂದರೆ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾಕಮಾನ ಇವುಗಳ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ಬಬಲೇಶ್ವರ ಕಡೆಯವರು ಮಮದಾಪುರದ ಕೆರೆಯ ಬಗ್ಗೆ ಬರೆಯುತ್ತಾರೆ. ನಾವು ಎಸ್.ಎಸ್.ಎಲ್.ಸಿ. ಓದಿ ಒಕ್ಕಲುತನಕ್ಕೆ ನಿಂತವರು. ಅರಸರ ಸಂಗತಿ ಬಲ್ಲವರಿಗೆ ಬಿಟ್ಟು, ಎಲ್ಲರ ಮನೆಯ ಟ್ರಂಕಿನ ಮೇಲೆ ಮಡಿಚಿಟ್ಟಿರುವ ಕೌದಿಯ ಇತಿಹಾಸವನ್ನೇ ಬರೆಯುವುದೆಂದು ನಿಶ್ಚಯಿಸಿದೆವು.

ಇದಕ್ಕೆ ಒಂದು ಕಾರಣವೂ ಉಂಟು. ನಮ್ಮ ಸಂಘದಿಂದ ಸಾಲ ಪಡೆಯುವ ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳ ಮುಂದೆ ಶಹರದ ಒಬ್ಬ ವ್ಯಾಪಾರಸ್ಥರು ಒಂದು ಮಾತು ಇಟ್ಟಿದ್ದಾರೆ. ಬಣ್ಣಕ್ಕೆ ಬಣ್ಣ ಹೊಂದಿಸಿ, ಅಳತೆಗೆ ಕತ್ತರಿಸಿದ ಬಟ್ಟೆಯ ಕಟ್ಟನ್ನು ಅವರೇ ಕೊಡುತ್ತಾರೆ. ಈಗಿನವರು ಅದಕ್ಕೆ 'ಕಿಟ್' ಅನ್ನುತ್ತಾರೆ. ಚಿತ್ರದ ಪ್ರಕಾರ ಹೊಲಿದುಕೊಟ್ಟರೆ ಒಂದೊಂದಕ್ಕೆ ಇಂತಿಷ್ಟು ಕೂಲಿ. ಕೆಲವರು ಒಪ್ಪೋಣ ಅಂತಾರೆ, ಕೆಲವರು 'ಬ್ಯಾಡ, ನಮ್ಮ ಅರಿವಿ ನಾವೇ ಆರಿಸಿ ಹೊಲೀತೀವಿ' ಅಂತಾರೆ. ಆಡಳಿತ ಮಂಡಳಿಯಲ್ಲಿಯೂ ಎರಡು ಮಾತು ಬಂದವು. ತೀರ್ಮಾನ ಮಾಡುವ ಮೊದಲು ಕೌದಿ ಎಲ್ಲಿಂದ ಬಂತು, ಹೇಗೆ ಬಂತು ಎಂದು ಎಲ್ಲ ಸದಸ್ಯರೂ ತಿಳಿಯುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಮನೆಯ ಅರಿವಿಯ ಕಾಲ

ಕೌದಿ ಎಂದರೆ ಹಳೆಯ ಅರಿವಿಗಳನ್ನು ಪದರಿನ ಮೇಲೆ ಪದರು ಹಾಸಿ, ಸಾಲು ಹಿಡಿದು ಸಣ್ಣ ಹೊಲಿಗೆ ಹಾಕಿ ಮಾಡಿದ ಹಾಸಿಗೆ-ಹೊದಿಕೆ. ನಮ್ಮ ಭಾಗದ ಕೌದಿಗೆ ಬೇಕಾದ ಅರಿವಿ ಮೊದಲು ಅಂಗಡಿಯಿಂದ ಬರುತ್ತಿರಲಿಲ್ಲ, ಮೈಮೇಲಿನಿಂದ ಬರುತ್ತಿತ್ತು. ಅವ್ವನ ಇಳಕಲ್ ಸೀರೆ, ಅಪ್ಪನ ಧೋತರ, ಮುತ್ಯಾನ ರುಮಾಲು, ಗುಳೇದಗುಡ್ಡ ಖಣದ ಕುಬಸ, ಹುಡುಗರ ಅಂಗಿ. ಇಳಕಲ್, ಗುಳೇದಗುಡ್ಡ ಎರಡೂ ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವವರೆಗೆ ನಮ್ಮ ಬಿಜಾಪುರ ಜಿಲ್ಲೆಯಲ್ಲಿಯೇ ಇದ್ದವು. ಅಂದರೆ ಹತ್ತಿ ನಮ್ಮ ಎರಿ ಹೊಲದ್ದು, ನೇಯ್ಗೆ ನಮ್ಮ ಜಿಲ್ಲೆಯದು, ಉಟ್ಟು ಹಳೆಯದಾದ ಮೇಲೆ ಹೊಲಿಗೆ ನಮ್ಮ ಪಡಸಾಲೆಯದು.

ಹಳೆಯ ಅರಿವಿ ಎಂದಮಾತ್ರಕ್ಕೆ ಸಿಕ್ಕದ್ದನ್ನು ತುರುಕುವುದಲ್ಲ. ಆರಿಸುವುದರಲ್ಲಿಯೇ ಅರ್ಧ ವಿದ್ಯೆ ಇತ್ತು. ಮೈಗೆ ತಾಗುವ ಪದರಿಗೆ ತೊಳೆತೊಳೆದು ಮೆತ್ತಗಾದ ನೂಲಿನ ಸೀರೆ ಬೇಕು. ನೆಲಕ್ಕೆ ತಾಗುವ ಪದರಿಗೆ ಗಟ್ಟಿ ಅರಿವಿ ಬೇಕು. ನಡುವೆ ಹರಿದ ಧೋತರ, ಪಂಜೆ ನಡೆಯುತ್ತದೆ, ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಸೀರೆಯ ದಡಿ ಬೇಗ ಹರಿಯುವುದಿಲ್ಲವಾದ್ದರಿಂದ ಅದನ್ನು ಬಿಚ್ಚಿ ಕೌದಿಯ ಅಂಚಿಗೆ ಹಚ್ಚುತ್ತಿದ್ದರು. ಬಣ್ಣ ಬಿಡುವ ಅರಿವಿಯನ್ನು ಬಿಳಿಯ ಮಗ್ಗುಲಿಗೆ ಇಡುತ್ತಿರಲಿಲ್ಲ. ಕೂಸಿನ ಕೌದಿಗೆ ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಮೆತ್ತನ್ನದು. ಹೊಸ ಅರಿವಿ ಕೂಸಿನ ಮೈಗೆ ಒರಟಾಗುತ್ತದೆ ಎಂದು ಹಿರಿಯರು ಬಲ್ಲವರಾಗಿದ್ದರು.

ಲೆಕ್ಕವೂ ಕರಾರುವಾಕ್ಕಾಗಿತ್ತು. ಎಂಟು ಗಜದ ಸೀರೆ ಎಂದರೆ ೨೪ ಫೂಟು. ಮೂರು ತುಂಡು ಮಾಡಿದರೆ ಎಂಟೆಂಟು ಫೂಟಿನ ಮೂರು ಪಟ್ಟಿ. ಎರಡು ಪಟ್ಟಿ ಜೋಡಿಸಿದರೆ ಒಂದು ಮಗ್ಗುಲು ಆಯಿತು, ಮೂರನೆಯದು ಇನ್ನೊಂದು ಮಗ್ಗುಲಿಗೆ. ಶಾಲೆಯ ಮೆಟ್ಟಿಲು ಹತ್ತದ ಆಯಿಗಳು ಈ ಲೆಕ್ಕವನ್ನು ಮೊಳ, ಗೇಣಿನಲ್ಲಿ ಕುಳಿತಲ್ಲಿಯೇ ಹೇಳುತ್ತಿದ್ದರು.

ಎಲ್ಲರ ಮನೆಯಲ್ಲಿಯೂ ಹೊಲಿಯುವವರು ಇರುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಗೊಂದಲಿಗರು, ಬುಡಬುಡಿಕೆಯವರು ಮುಂತಾದ ತಿರುಗುವ ಸಮಾಜದ ಹೆಣ್ಣುಮಕ್ಕಳು ಓಣಿಯೊಳಗ ಕೂಗುತ್ತ ಬರುತ್ತಿದ್ದರು. ಕಟ್ಟೆಯ ಮೇಲೆ, ಬೇವಿನ ನೆರಳಿಗೆ ಅರಿವಿ ಹರವಿ ಹೊಲಿಯುತ್ತಿದ್ದರು. ಜೋಳವೋ ರೊಕ್ಕವೋ ಮೊದಲೇ ಮಾತಾಗುತ್ತಿತ್ತು. ಅಲ್ಲಿಯೂ ಅರಿವಿ ಮನೆಯವರದು, ಸೂಜಿ-ಕೈಚಳಕ ಹೊಲಿಯುವವರದು. ಯಾವ ಬಣ್ಣದ ಮಗ್ಗುಲಿಗೆ ಯಾವ ಬಣ್ಣ ಬರಬೇಕು ಎಂಬುದಕ್ಕೆ ಇಬ್ಬರೂ ವಾದ ಮಾಡುತ್ತಿದ್ದರು. ಕೊನೆಗೆ ಹೊಲಿಯುವವಳ ಮಾತೇ ನಡೆಯುತ್ತಿದ್ದುದು ಹೆಚ್ಚು, ಯಾಕೆಂದರೆ ಆಕೆ ನೂರಾರು ಕೌದಿ ನೋಡಿದವಳು. ಆಕೆಗೆ ಕೊಡುತ್ತಿದ್ದ ಜೋಳದಲ್ಲಿ ಕೈಯ ಕೂಲಿ ಮಾತ್ರವಲ್ಲ, ಕಣ್ಣಿನ ಕೂಲಿಯೂ ಸೇರಿತ್ತು.

ಗಿರಣಿ, ಚಾದರ, ಪಾಲಿಯೆಸ್ಟರ್

೧೮೭೭ರಲ್ಲಿ ಸೊಲ್ಲಾಪುರದಲ್ಲಿ ಬಟ್ಟೆ ಗಿರಣಿ ಆರಂಭವಾಯಿತು. ಅದನ್ನೇ ಮುಂದೆ ಜನರು ಜೂನಿ ಮಿಲ್ ಎಂದು ಕರೆದರು. ೧೮೮೪ರ ಸುಮಾರಿಗೆ ಹೊಟಗಿಯಿಂದ ಬಿಜಾಪುರದ ಮೇಲೆ ಹಾಯ್ದು ಗದಗಿನವರೆಗೆ ರೈಲು ಬಂತು. ನಮ್ಮ ಹತ್ತಿ ಹೊರಗೆ ಹೋಗುವುದಕ್ಕೂ ಗಿರಣಿಯ ಬಟ್ಟೆ ಒಳಗೆ ಬರುವುದಕ್ಕೂ ದಾರಿಯಾಯಿತು. ಮುಂದೆ ಸೊಲ್ಲಾಪುರ ಚಾದರ ಹೆಸರಾಯಿತು. ಮದುವೆಗೆ ಕೊಡಲು ಚಾದರ, ಮನೆಯಲ್ಲಿ ಹೊದೆಯಲು ಕೌದಿ, ಹೊಲಕ್ಕೆ ಹೋಗಲು ಕಂಬಳಿ ಎಂದು ಮೂರೂ ಕೂಡಿಯೇ ನಡೆದವು. ಗಿರಣಿ ಬಟ್ಟೆಯೂ ನೂಲಿನದೇ ಆದ್ದರಿಂದ ಕೌದಿಗೆ ಪೆಟ್ಟು ಬೀಳಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಪಾಲಿಯೆಸ್ಟರ್ ಸೀರೆ, ಟೆರಿಕಾಟ್ ಅಂಗಿ ಹಳ್ಳಿಗೆ ಬಂದ ಮೇಲೆ. ಅವು ಸವೆಯುವುದಿಲ್ಲ, ಬೆವರು ಹೀರುವುದಿಲ್ಲ, ಪದರು ಜಾರುತ್ತವೆ. ಒಗೆಯಲು ಹಗುರ, ಬೆಲೆಯೂ ಕಡಿಮೆ ಎಂದು ಹೆಣ್ಣುಮಕ್ಕಳು ಉಟ್ಟರು, ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ತಲೆಮಾರು ಕಳೆಯುವುದರೊಳಗೆ ಟ್ರಂಕಿನಲ್ಲಿ ಕೌದಿಗೆ ಯೋಗ್ಯವಾದ ಹಳೆಯ ಅರಿವಿಯೇ ಉಳಿಯಲಿಲ್ಲ. ಮೇಲಾಗಿ ಅಂಗಡಿಯಲ್ಲಿ ರಗ್ಗು, ಬ್ಲಾಂಕೆಟ್ ಸಿಗತೊಡಗಿದವು. ಆದ್ದರಿಂದ 'ನಮ್ಮ ಮನೆಯ ಅರಿವಿಯಿಂದಲೇ ಹೊಲಿಯಬೇಕು' ಎಂದು ಹಟ ಹಿಡಿಯುವವರು ಒಂದು ಮಾತು ನೆನಪಿಡಬೇಕು. ಆ ಅರಿವಿ ಇವತ್ತು ಬಹಳ ಮನೆಗಳಲ್ಲಿ ಇಲ್ಲ. ದರ್ಜಿಗಳ ಕಡೆಯಿಂದ ಕಟ್‌ಪೀಸು ತಂದು ಹೊಲಿಯುವುದು ಆಗಲೇ ರೂಢಿಯಾಗಿದೆ.

ಹೊರಗಿನವರು ಏನು ಮಾಡಿದರು?

ಈ ತಕರಾರು ನಮ್ಮ ಟಿಕೋಟಾ, ಬಬಲೇಶ್ವರದ್ದಷ್ಟೇ ಅಲ್ಲ. ಬಟ್ಟೆಯ ತುಂಡು ಜೋಡಿಸಿ ಹೊದಿಕೆ ಮಾಡುವ ಪದ್ಧತಿ ಅಮೆರಿಕದಲ್ಲಿಯೂ ಉಂಟು, ಅವರು ಅದಕ್ಕೆ ಕ್ವಿಲ್ಟ್ ಅಂತಾರೆ. ಇಂಡಿಯಾನಾ ರಾಜ್ಯದ ಮೇರಿ ವೆಬ್‌ಸ್ಟರ್ ಎಂಬ ಮಹಿಳೆ ೧೯೧೫ರಲ್ಲಿ ಕ್ವಿಲ್ಟುಗಳ ಇತಿಹಾಸದ ಪುಸ್ತಕ ಬರೆದರು. ೧೯೨೧ರಲ್ಲಿ ಗೆಳತಿಯರ ಜೊತೆ ಕಂಪನಿ ಕಟ್ಟಿ ನಮೂನೆಗಳನ್ನೂ ಬಟ್ಟೆಯ ಕಿಟ್‌ಗಳನ್ನೂ ಮಾರಿದರು. ಅಂದರೆ ಕಿಟ್ ಎಂಬುದಕ್ಕೆ ನೂರು ವರ್ಷದ ವಯಸ್ಸಾಗಿದೆ. ಬಣ್ಣ ಹೊಂದಿಸಲು ಅಂಜುವವರು, ಅಂಗಡಿ ದೂರವಿದ್ದವರು ಅದರಿಂದ ಕಲಿತರು ಎಂಬುದನ್ನು ಒಪ್ಪಬೇಕು.

ಸಹಕಾರಿಗಳಾದ ನಮಗೆ ಅದಕ್ಕಿಂತ ಹತ್ತಿರವಾದದ್ದು ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಕಥೆ. ಅಲ್ಲಿಯವರು ಗುಲಾಮರಾಗಿ ದುಡಿದವರ ಮಕ್ಕಳು-ಮೊಮ್ಮಕ್ಕಳು, ನಮ್ಮ ಹಾಗೆ ಹತ್ತಿ ಬೆಳೆಯುವವರು. ಹೊಲದಲ್ಲಿ ಹರಿದ ಪ್ಯಾಂಟು, ಅಂಗಿಗಳನ್ನೇ ಬಿಚ್ಚಿ ಹೊದಿಕೆ ಹೊಲಿಯುತ್ತಿದ್ದರು. ೧೯೬೬ರಲ್ಲಿ ಆ ಭಾಗದ ಹೆಣ್ಣುಮಕ್ಕಳು ಕೂಡಿ 'ಫ್ರೀಡಮ್ ಕ್ವಿಲ್ಟಿಂಗ್ ಬೀ' ಎಂಬ ಸಹಕಾರ ಸಂಘ ಸ್ಥಾಪಿಸಿದರು. ನ್ಯೂಯಾರ್ಕಿನ ದೊಡ್ಡ ಅಂಗಡಿಗಳಿಂದ ಆರ್ಡರು ಬಂದವು. ಆದರೆ ಅಂಗಡಿಯವರಿಗೆ ಎಲ್ಲವೂ ಒಂದೇ ಅಳತೆ, ಒಂದೇ ನಮೂನೆ ಬೇಕು. ೧೯೭೨ರಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡರಾಯ್ ಬಟ್ಟೆಯ ದಿಂಬಿನ ಗವಸು ಹೊಲಿದುಕೊಡುವ ಗುತ್ತಿಗೆ ಬಂತು. ಅದರಿಂದ ಮನೆಗೆ ರೊಕ್ಕ ಬಂತು, ಅದು ಸಣ್ಣ ಮಾತಲ್ಲ.

ಮುಂದಿನದನ್ನು ಲಕ್ಷ್ಯಗೊಟ್ಟು ಓದಬೇಕು. ಗವಸು ಕತ್ತರಿಸಿ ಉಳಿದ ಕಾರ್ಡರಾಯ್ ಚೂರುಗಳನ್ನು ಹೆಣ್ಣುಮಕ್ಕಳು ಮನೆಗೆ ಒಯ್ದು, ಯಾರ ನಮೂನೆಯನ್ನೂ ನೋಡದೆ ತಮ್ಮ ಮನಸ್ಸಿಗೆ ಬಂದಂತೆ ಹೊಲಿದರು. ೨೦೦೨ರಲ್ಲಿ ಜೀಸ್ ಬೆಂಡಿನ ಕ್ವಿಲ್ಟುಗಳನ್ನು ಹ್ಯೂಸ್ಟನ್ ನಗರದ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಇಟ್ಟಾಗ, ಹಳೆ ಅರಿವಿಯ ಕ್ವಿಲ್ಟುಗಳ ಜೊತೆಗೆ ಜನ ನಿಂತು ನೋಡಿದ್ದು ಇಂಥವುಗಳನ್ನೇ. ೨೦೦೬ರಲ್ಲಿ ಅಮೆರಿಕ ಸರಕಾರದ ಅಂಚೆ ಚೀಟಿಯ ಮೇಲೆಯೂ ಈ ಹಳ್ಳಿಯ ಕ್ವಿಲ್ಟುಗಳು ಬಂದವು. ಒಂದೇ ನಮೂನೆಯ ದಿಂಬಿನ ಗವಸನ್ನು ಯಾರೂ ಅಂಚೆ ಚೀಟಿಗೆ ಹಾಕಲಿಲ್ಲ. ಬಟ್ಟೆ ಎರಡಕ್ಕೂ ಒಂದೇ, ಎರಡೂ ಅಂಗಡಿಯದೇ. ವ್ಯತ್ಯಾಸ ಇದ್ದದ್ದು ಆರಿಸಿದವರು ಯಾರು ಎಂಬುದರಲ್ಲಿ ಮಾತ್ರ. ಆ ಸಹಕಾರ ಸಂಘ ೨೦೧೨ರಲ್ಲಿ ಮುಚ್ಚಿತು, ಹೊಲಿಗೆ ಮಾತ್ರ ನಿಂತಿಲ್ಲ.

ಅಷ್ಟು ದೂರ ಯಾಕೆ, ನಮ್ಮ ರಾಜ್ಯದಲ್ಲಿಯೇ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಜನಾಂಗದವರನ್ನು ನೋಡಿರಿ. ಆಫ್ರಿಕಾ ಮೂಲದ ಈ ಜನ ತಮ್ಮ ಕೌದಿಗೆ ಕವಂದಿ ಅಂತಾರೆ. ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಿಕೆ ಹಾಕಿದ ಚಿಕ್ಕ ಅರಿವಿ ಹಚ್ಚುತ್ತಾರೆ, ಅದಕ್ಕೆ ಫುಲಾ ಎಂದು ಹೆಸರು. ಫುಲಾ ಇಲ್ಲದ ಕೌದಿ ಬತ್ತಲೆ ಎಂದು ಅವರ ಭಾವನೆ. ೨೦೦೪ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರಿ ಕೂಟ ಆರಂಭವಾಯಿತು. ಕೊಳ್ಳುವವರು ದೂರದಿಂದ ಬಂದರೂ ಬಣ್ಣ ಇಡುವ ಅಧಿಕಾರ ಹೊಲಿಯುವವರ ಕೈಯಲ್ಲಿ ಇರುವುದರಿಂದಲೇ ಅವರ ಕೆಲಸವನ್ನು ನೋಡಿದ ಕೂಡಲೇ ಗುರುತಿಸಬಹುದು.

ಒಕ್ಕಲಿಗನ ಲೆಕ್ಕ

ಇದೆಲ್ಲ ನಮಗೆ ಬೀಜದ ವಿಚಾರದ ಹಾಗೆಯೇ ಕಾಣುತ್ತದೆ. ಧಾರವಾಡದಿಂದ ೧೯೮೧ರಲ್ಲಿ ಡಿ.ಸಿ.ಎಚ್.-೩೨ ಎಂಬ ಹತ್ತಿ ತಳಿ ಬಿಡುಗಡೆಯಾಯಿತು, ಅದಕ್ಕೇ ಜಯಲಕ್ಷ್ಮಿ ಎಂದು ಹೆಸರು. ಇಳುವರಿ ಬಂತು, ಆದರೆ ಸಂಕರಣ ಬೀಜವಾದ್ದರಿಂದ ವರ್ಷಾ ವರ್ಷಾ ಪಾಕೀಟು ಕೊಳ್ಳಬೇಕು. ಹಿಂಗಾರಿ ಬಿಳಿಜೋಳ ಹಾಗಲ್ಲ. ಒಳ್ಳೆಯ ತೆನೆ ನೋಡಿ ಆರಿಸಿ, ಬೂದಿ ಬೆರೆಸಿ ಇಟ್ಟರೆ ಮುಂದಿನ ವರ್ಷಕ್ಕೆ ಬೀಜ. ಪಾಕೀಟು ಕೆಟ್ಟದ್ದೆಂದು ನಾವು ಹೇಳುವುದಿಲ್ಲ, ನಾವೂ ಕೊಳ್ಳುತ್ತೇವೆ. ಆದರೆ ತೆನೆ ಆರಿಸುವ ಕಣ್ಣು ಮನೆಯಲ್ಲಿ ಒಬ್ಬರಿಗಾದರೂ ಇರಬೇಕು. ಅದು ಒಮ್ಮೆ ಹೋಯಿತೆಂದರೆ ರೊಕ್ಕ ಕೊಟ್ಟರೂ ಬರುವುದಿಲ್ಲ.

ಕಿಟ್‌ನಲ್ಲಿ ಅನುಕೂಲ ಏನು? ಬಂಡವಾಳ ಹಾಕುವ ಅಂಜಿಕೆ ಇಲ್ಲ. ಕೌದಿ ಮಾರಾಟವಾಗದಿದ್ದರೆ ನಷ್ಟ ವ್ಯಾಪಾರಸ್ಥರದು. ಹೊಸದಾಗಿ ಕಲಿಯುವ ಹುಡುಗಿಯರಿಗೆ ಕೈ ಕೂಡಿಸಲು ಬರುತ್ತದೆ. ಅನಾನುಕೂಲ ಏನು? ಸಿಗುವುದು ಹೊಲಿಗೆಯ ಕೂಲಿ ಮಾತ್ರ. ಅದೇ ಕಟ್ಟನ್ನು ನಾಳೆ ಬೇರೆ ಊರಿನಲ್ಲಿ ಕಡಿಮೆ ಕೂಲಿಗೆ ಹೊಲಿಯುವವರು ಸಿಕ್ಕರೆ ವ್ಯಾಪಾರಸ್ಥರು ಅಲ್ಲಿಗೆ ಹೋಗುತ್ತಾರೆ, ಅವರನ್ನು ಬೈಯುವಂತಿಲ್ಲ. ಎಲ್ಲಿ ಹೊಲಿದರೂ ಒಂದೇ ಆಗುವ ವಸ್ತುವಿಗೆ ಊರು ಎಂಬುದು ಇರುವುದಿಲ್ಲ. ಗುಂಪಿನ ಹಿರಿಯ ಅಜ್ಜಿಯೊಬ್ಬರು ಸಭೆಯಲ್ಲಿ ಹೇಳಿದ ಮಾತು ಹೀಗಿತ್ತು: 'ತಮ್ಮಾ, ಹೊಲಿಯೂದು ಯಾರಿಗರೆ ಕಲಸಬಹುದು. ಯಾವ ಅರಿವಿ ಎಲ್ಲಿ ಕುಂದರ್ತೈತಿ ಅನ್ನೂದು ಕಲಸಾಕ ಹತ್ತು ವರ್ಷ ಬೇಕು. ಅದನ್ನ ಬಿಟ್ಟು ಕೂಲಿ ಹಿಡಿ ಅಂತೀರೇನು?'

ನಮ್ಮ ಸಲಹೆ

೧೯೦೫ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದಾಗಿನಿಂದಲೂ ಸಹಕಾರ ತತ್ವದ ಸಾರ ಒಂದೇ. ಒಬ್ಬೊಬ್ಬರಿಗೆ ಆಗದ್ದನ್ನು ಕೂಡಿ ಮಾಡಬೇಕು, ಅವರವರ ಹೊಲ ಅವರವರ ಕೈಯಲ್ಲಿಯೇ ಇರಬೇಕು. ಸಂಘ ಗೊಬ್ಬರವನ್ನು ಒಟ್ಟಿಗೆ ತರಿಸುತ್ತದೆ, ಯಾವ ಹೊಲಕ್ಕೆ ಎಷ್ಟು ಹಾಕಬೇಕೆಂದು ರೈತನೇ ನಿರ್ಧರಿಸುತ್ತಾನೆ. ಕೌದಿಗೂ ಇದೇ ದಾರಿ ಯೋಗ್ಯ.

ನೂಲಿನ ಬಟ್ಟೆ, ಗಟ್ಟಿ ದಾರ, ಸೂಜಿ ಇವನ್ನು ಸಂಘದ ಸಾಲದಿಂದ ಸಗಟು ದರದಲ್ಲಿ ತರಿಸೋಣ. ಕತ್ತರಿಸದೆ, ಬಣ್ಣ ಹೊಂದಿಸದೆ ಗುಂಪಿನ ಮುಂದೆ ರಾಶಿ ಹಾಕೋಣ. ಆರಿಸುವುದು ಅವರಿಗೆ ಬಿಡೋಣ. ಬಟ್ಟೆ ತೆಗೆದುಕೊಳ್ಳುವಾಗ ಅಂಚಿನ ಒಂದು ಎಳೆ ಸುಟ್ಟು ನೋಡಬೇಕು. ನೂಲಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಂಟಾಗುತ್ತದೆ. ಹೊಸ ಬಟ್ಟೆಯನ್ನು ಹೊಲಿಯುವ ಮೊದಲು ಒಮ್ಮೆ ನೆನೆಸಿ ಒಣಗಿಸಬೇಕು, ಇಲ್ಲವಾದರೆ ಆಮೇಲೆ ಕುಗ್ಗಿ ಕೌದಿ ಸೊಟ್ಟಾಗುತ್ತದೆ. ಮನೆಯಲ್ಲಿ ಉಳಿದ ಹಳೆಯ ಇಳಕಲ್ ಸೀರೆ ಇದ್ದವರು ಒಂದಾದರೂ ತುಂಡು ಸೇರಿಸಬೇಕು. ಆ ತುಂಡು ಯಾವ ಕಾರಖಾನೆಯಲ್ಲಿಯೂ ಸಿಗುವುದಿಲ್ಲ.

ವ್ಯಾಪಾರಸ್ಥರ ಕಿಟ್ಟನ್ನು ಪೂರ್ತಿ ತಳ್ಳಿಹಾಕುವುದು ಬೇಡ. ಕಲಿಯುವ ಹುಡುಗಿಯರು ಮೊದಲ ಒಂದೆರಡನ್ನು ಅದರಲ್ಲಿಯೇ ಹೊಲಿದು ಕೈ ಹದ ಮಾಡಿಕೊಳ್ಳಲಿ, ಕೂಲಿಯೂ ಬರಲಿ. ಆದರೆ ಸಂಘದ ಹೆಸರಿನ ಮುದ್ರೆ ಬೀಳುವ ಕೌದಿಗೆ ಅರಿವಿ ನಮ್ಮ ಹೆಣ್ಣುಮಕ್ಕಳೇ ಆರಿಸಿರಬೇಕು ಎಂದು ಠರಾವು ಮಾಡೋಣ. ಪ್ರತಿ ಗುಂಪಿನಲ್ಲಿ ಒಬ್ಬ ಹಿರಿಯ ಆಯಿಯನ್ನು ಆರಿಸುವ ಕೆಲಸಕ್ಕೆಂದೇ ಕೂಡಿಸಿ, ಅವರಿಗೂ ಕೂಲಿ ಕೊಡೋಣ. ನಮ್ಮ ಹಿರಿಯರು ಕಣ್ಣಿನ ಕೂಲಿಯನ್ನು ಜೋಳದಲ್ಲಿ ಅಳೆದು ಕೊಟ್ಟವರು, ನಾವು ಅದನ್ನು ಖಾತೆಯಲ್ಲಿ ಬರೆದು ಕೊಡೋಣ.

ಈ ವಿಷಯವನ್ನು ಬರುವ ಸರ್ವಸಾಧಾರಣ ಸಭೆಯ ಮುಂದೆ ಇಡಲಿದ್ದೇವೆ. ಸದಸ್ಯ ಬಾಂಧವರು, ವಿಶೇಷವಾಗಿ ತಾಯಂದಿರು ತಪ್ಪದೆ ಬಂದು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ವಿನಂತಿ. ಬರುವಾಗ ಮನೆಯಲ್ಲಿರುವ ಅತ್ಯಂತ ಹಳೆಯ ಕೌದಿಯನ್ನು ತಂದರೆ ಇನ್ನೂ ಸಂತೋಷ.